ಗಾಜಿನ ಮನೆ, ಮಗ್ಗದ ತೆರೆ

(ನಮ್ಮ ಕನ್ನಡ ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಆಹ್ವಾನಿಸಿದಾಗ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯಾಘಾತಗಳ ಬಗ್ಗೆ ಎರಡು ಮಾತು ಕೇಳಿಬರುವುದೆಂದು ಸಭಿಕರು ನಿರೀಕ್ಷಿಸುವುದು ಸಹಜ. ಇಂದು ನಾವು ಆಯ್ದುಕೊಂಡಿರುವುದು ಬೇರೆಯದೇ ಒಂದು ವಸ್ತು: ಕಿಟಕಿಗೆ ಇಳಿಬಿಡುವ ತೆರೆ. ಅದರಲ್ಲಿಯೂ, ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕೆಯ ಮನೆ, ಹೋಟೆಲು, ಕಚೇರಿಗಳನ್ನು ಅಲಂಕರಿಸಿದ, ಕೈಮಗ್ಗದಲ್ಲಿ ನೇಯ್ದ ಕಿಟಕಿತೆರೆ. ಇಲ್ಲಿ 'ಬ್ಲೈಂಡ್ಸ್' ಎಂದು ಕರೆಯುವ ಈ ವಸ್ತುವಿಗೂ ವೈದ್ಯನಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಕಣ್ಣಿನ ಆರೋಗ್ಯ, ಗಾಯಗೊಂಡ ಕೈಗಳ ಪುನಶ್ಚೇತನ, ಮಕ್ಕಳ ಪ್ರಾಣರಕ್ಷಣೆ ಈ ಮೂರೂ ಈ ತೆರೆಯ ಕಥೆಯಲ್ಲಿ ಹಾಸುಹೊಕ್ಕಾಗಿವೆ ಎಂಬುದನ್ನು ತೋರಿಸುವುದೇ ನಮ್ಮ ಉದ್ದೇಶ.

ಗಾಜಿನ ಗೋಡೆಯ ಕಾಲ

ಹಳೆಯ ಕಾಲದ ಮನೆಗಳಲ್ಲಿ ಗೋಡೆಯೇ ಪ್ರಧಾನ. ಕಿಟಕಿ ಅದರಲ್ಲಿ ಕೊರೆದ ರಂಧ್ರ. ಮಾಡಿನ ಭಾರವನ್ನು ಗೋಡೆ ಹೊರಬೇಕಾಗಿದ್ದುದರಿಂದ ಕಿಟಕಿ ಹಿಗ್ಗುವಂತಿರಲಿಲ್ಲ. ಉಕ್ಕಿನ ಕಂಬ ತೊಲೆಗಳು ಬಂದು ಆ ಭಾರವನ್ನು ತಾವು ಹೊತ್ತುಕೊಂಡ ಮೇಲೆ ಗೋಡೆಗೆ ಬಿಡುಗಡೆ ದೊರೆಯಿತು. ಗೋಡೆಯನ್ನೇ ಗಾಜಿನಿಂದ ಮಾಡಬಹುದೆಂಬುದು ಆಧುನಿಕ ವಾಸ್ತುಶಿಲ್ಪಿಗಳಿಗೆ ಹೊಳೆಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಈ ಕಲ್ಪನೆ ಅಮೆರಿಕೆಯಲ್ಲಿ ಬಹುವೇಗವಾಗಿ ಹಬ್ಬಿತು. 1949ರಲ್ಲಿ ಫಿಲಿಪ್ ಜಾನ್ಸನ್ ಕನೆಕ್ಟಿಕಟ್ ರಾಜ್ಯದ ನ್ಯೂ ಕೇನನ್‌ನಲ್ಲಿ ತಮಗಾಗಿಯೇ ಒಂದು ಗಾಜಿನ ಮನೆಯನ್ನು ಕಟ್ಟಿಕೊಂಡರು. 1951ರಲ್ಲಿ ಮೀಸ್ ವಾನ್ ಡೆರ್ ರೋಹೆ ಇಲಿನಾಯ್ ರಾಜ್ಯದ ಪ್ಲೇನೊ ಊರಿನ ಬಳಿ ನದಿಯ ದಡದಲ್ಲಿ ಮತ್ತೊಂದನ್ನು ಮುಗಿಸಿದರು. 1952ರಲ್ಲಿ ನ್ಯೂಯಾರ್ಕಿನ ಲೀವರ್ ಹೌಸ್ ಗಾಜಿನ ಹೊದಿಕೆಯ ಕಚೇರಿ ಗೋಪುರವಾಗಿ ಎದ್ದು ನಿಂತಿತು. ಕ್ಯಾಲಿಫೋರ್ನಿಯದ ಬಡಾವಣೆಗಳಲ್ಲಿಯೂ ನೆಲದಿಂದ ಸೂರಿನವರೆಗೆ ಗಾಜಿರುವ ಮನೆಗಳು ಸಾಲುಸಾಲಾಗಿ ಬಂದವು.

ಪ್ಲೇನೊದ ಆ ಮನೆಯನ್ನು ಕಟ್ಟಿಸಿದವರು ನಮ್ಮದೇ ವೃತ್ತಿಯವರು: ಶಿಕಾಗೊ ನಗರದ ಮೂತ್ರಪಿಂಡ ತಜ್ಞೆ ಡಾ. ಈಡಿತ್ ಫಾರ್ನ್ಸ್‌ವರ್ತ್. ನಾಲ್ಕು ದಿಕ್ಕಿಗೂ ಗಾಜೇ ಆಗಿರುವ ಮನೆಯಲ್ಲಿ ಬಾಳುವುದೆಂದರೆ ಏನೆಂಬುದು ಅವರ ಅನುಭವಕ್ಕೆ ಬೇಗನೆ ಬಂದಿತು. ವೆಚ್ಚದ ವಿಷಯಕ್ಕೆ ವಾಸ್ತುಶಿಲ್ಪಿಗೂ ಅವರಿಗೂ ನ್ಯಾಯಾಲಯದಲ್ಲಿ ವ್ಯಾಜ್ಯ ನಡೆಯಿತು. ಇಂಥ ಮನೆ ವಾಸಕ್ಕೆ ಯೋಗ್ಯವೆ ಎಂಬ ಪ್ರಶ್ನೆ 1953ರಲ್ಲಿ ಗೃಹಾಲಂಕಾರ ಪತ್ರಿಕೆಗಳಲ್ಲಿ ಬಿಸಿಬಿಸಿ ಚರ್ಚೆಯ ವಸ್ತುವಾಯಿತು. ನೋಡಲು ರಮ್ಯವಾದ ಗಾಜಿನ ಮನೆಯಲ್ಲಿ ಮನುಷ್ಯನಿಗೆ ಮರೆ ಬೇಕು, ನೆರಳು ಬೇಕು, ರಾತ್ರಿಯ ಕತ್ತಲೂ ಬೇಕು. ಗಾಜು ಕೊಡಲಾರದ ಇವನ್ನು ಒದಗಿಸುವ ಹೊಣೆ ನೇಕಾರರ ಮೇಲೆ ಬಿದ್ದಿತು.

ಕಣ್ಣು ಏನು ಬೇಡುತ್ತದೆ?

ಇಲ್ಲಿ ಸ್ವಲ್ಪ ಶರೀರಶಾಸ್ತ್ರವನ್ನು ನೆನಪಿಸಿಕೊಳ್ಳುವುದು ಅಗತ್ಯ. ನಡುಹಗಲಿನ ನೇರ ಬಿಸಿಲಿನ ತೀಕ್ಷ್ಣತೆ ಸುಮಾರು 1,00,000 ಲಕ್ಸ್. ದೀಪ ಬೆಳಗಿದ ಸಾಮಾನ್ಯ ಕೋಣೆಯಲ್ಲಿ ನಮಗೆ ದೊರೆಯುವುದು 300ರಿಂದ 500 ಲಕ್ಸ್ ಇರಬಹುದು. ಕಣ್ಣಿನ ಪಾಪೆ ಹೆಚ್ಚೆಂದರೆ 8 ಮಿಲಿಮೀಟರಿನಿಂದ 2 ಮಿಲಿಮೀಟರಿಗೆ ಕುಗ್ಗಬಲ್ಲದು. ಅಂದರೆ ಒಳಗೆ ಹೋಗುವ ಬೆಳಕನ್ನು ಹದಿನಾರರಲ್ಲಿ ಒಂದು ಪಾಲಿಗೆ ಇಳಿಸಬಲ್ಲದು, ಅಷ್ಟೆ. ಉಳಿದ ಹೊಂದಾಣಿಕೆಯನ್ನು ಅಕ್ಷಿಪಟಲವೇ ಮಾಡಿಕೊಳ್ಳಬೇಕು. ಬೆಳಕಿನಿಂದ ಪೂರ್ಣ ಕತ್ತಲೆಗೆ ಹೊಂದಿಕೊಳ್ಳಲು ಅದಕ್ಕೆ ಅರ್ಧ ಗಂಟೆಯಷ್ಟು ಕಾಲ ಬೇಕಾಗುತ್ತದೆ.

ಆದುದರಿಂದ ಕಣ್ಣಿಗೆ ಕಷ್ಟ ಕೊಡುವುದು ಬರಿಯ ಹೆಚ್ಚು ಬೆಳಕಲ್ಲ. ಒಂದೇ ನೋಟದೊಳಗೆ ಅತಿ ಬೆಳಕೂ ಅತಿ ಮಬ್ಬೂ ಅಕ್ಕಪಕ್ಕದಲ್ಲಿ ಕುಳಿತಿರುವುದು. ಪ್ರಖರವಾದ ಗಾಜಿನ ಗೋಡೆಗೆ ಬೆನ್ನುಮಾಡಿ ಕುಳಿತವರ ಮುಖ ನಮಗೆ ಕಪ್ಪಾಗಿ ಕಾಣುವುದು ಇದರಿಂದಲೇ. ವಯಸ್ಸಾದಂತೆ ಈ ತೊಂದರೆ ಇಮ್ಮಡಿಸುತ್ತದೆ. ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. ಅರವತ್ತರ ಅಕ್ಷಿಪಟಲಕ್ಕೆ ಇಪ್ಪತ್ತರ ಅಕ್ಷಿಪಟಲಕ್ಕೆ ದೊರೆಯುವ ಬೆಳಕಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ ತಲುಪುತ್ತದೆಂದು ಲೆಕ್ಕ. ಜೊತೆಗೆ ಪೊರೆ ಬರತೊಡಗಿದ ಮಸೂರ ಬೆಳಕನ್ನು ಚದುರಿಸುತ್ತದೆ. ಹೀಗಾಗಿ ವೃದ್ಧರಿಗೆ ಹೆಚ್ಚು ಬೆಳಕೂ ಬೇಕು, ಆದರೆ ಕೋರೈಸುವ ಬೆಳಕು ಕೂಡದು. ಊರಿನಿಂದ ಬಂದ ತಂದೆತಾಯಿಯರು ನಮ್ಮ ದೊಡ್ಡ ಕಿಟಕಿಯ ಪಡಸಾಲೆಯಲ್ಲಿ ಕಣ್ಣು ಕಿರಿದು ಮಾಡಿ, ಮೆಟ್ಟಿಲನ್ನು ಕಾಲಿನಿಂದ ತಡಕಾಡುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಅದನ್ನು ಬರಿಯ ವಯಸ್ಸಿನ ನಿಶ್ಶಕ್ತಿಯೆಂದು ತಳ್ಳಿಹಾಕಬಾರದು. ಕೋಣೆಯ ಬೆಳಕಿನ ದೋಷವೂ ಅದರಲ್ಲಿ ಪಾಲುಗಾರ.

ಪೂರ್ತಿ ಮುಚ್ಚುವ ದಪ್ಪ ಪರದೆ ಇದಕ್ಕೆ ಮದ್ದಲ್ಲ. ಅದು ಬೆಳಕಿನೊಡನೆ ನೋಟವನ್ನೂ ಗಾಳಿಯನ್ನೂ ತಡೆಯುತ್ತದೆ. ಬೇಕಾದುದು ಬೆಳಕಿಗೊಂದು ಜರಡಿ. ಬಿಸಿಲನ್ನು ಸಾವಿರ ತುಣುಕಾಗಿ ಒಡೆದು, ಚದುರಿಸಿ, ಕೋಣೆಯ ಆಳದವರೆಗೆ ಮೃದುವಾಗಿ ಹಂಚುವ ಸಾಧನ. ನೇಯ್ದ ಕಡ್ಡಿಯ ತೆರೆ ಮಾಡುವುದು ಇದನ್ನೇ.

ತೆರೆಯ ಹಾಸು, ತೆರೆಯ ಹೊಕ್ಕು

ಬಟ್ಟೆಯೆಂದರೆ ಹಾಸಿನ ನೂಲುಗಳ ನಡುವೆ ಹೊಕ್ಕಿನ ನೂಲು ಅತ್ತಿಂದಿತ್ತ ಹಾಯ್ದು ಹುಟ್ಟುವ ವಸ್ತುವೆಂಬುದು ತಮಗೆಲ್ಲ ತಿಳಿದದ್ದೇ. ಕಿಟಕಿತೆರೆಯ ವಿಶೇಷವೆಂದರೆ ಇಲ್ಲಿ ಹೊಕ್ಕು ಬಾಗದ ವಸ್ತು: ಬಿದಿರಿನ ದಬ್ಬೆ, ಜೊಂಡು, ಮರದ ಪಟ್ಟಿ, ಇಲ್ಲವೆ ಉರುಟಾದ ಕೋಲು. ಹಾಸು ಮಾತ್ರ ಹತ್ತಿ, ಉಣ್ಣೆ, ಮಿರುಗುವ ಲೋಹದ ನೂಲು ಮುಂತಾದವು. ಸೀರೆಯ ನೇಯ್ಗೆಯಂತೆ ಹಾಸು ಕಿಟಕಿಯ ಉದ್ದಗಲವನ್ನೆಲ್ಲ ತುಂಬಬೇಕಾಗಿಲ್ಲ. ನೂಲಿನ ಗುಂಪುಗಳನ್ನು ನಡುನಡುವೆ ಅಂತರ ಬಿಟ್ಟು ಹೂಡಿದರೆ ಸಾಕು. ಕಡ್ಡಿಗಳು ಅಡ್ಡಡ್ಡ, ನೂಲು ಮೇಲಿಂದ ಕೆಳಕ್ಕೆ. ಹೀಗಿರುವುದರಿಂದಲೇ ತೆರೆಯನ್ನು ಕೆಳಗಿನಿಂದ ಚಾಪೆಯಂತೆ ಸುರುಳಿ ಸುತ್ತಬಹುದು, ಅಥವಾ ಮಡಿಕೆ ಮಡಿಕೆಯಾಗಿ ಮೇಲಕ್ಕೆಳೆಯಬಹುದು, ಪಕ್ಕಕ್ಕೆ ಸರಿಸಲಾಗದು.

ಕಡ್ಡಿ ಲಾಳಿಯೊಳಗೆ ಕೂಡುವುದಿಲ್ಲ. ಆದಕಾರಣ ಕಾಲುಮಣೆ ತುಳಿದು ಹಾಸು ಬಿರಿದಾಗ ಪ್ರತಿಯೊಂದು ಕಡ್ಡಿಯನ್ನೂ ಕೈಯಿಂದಲೇ ತೂರಿಸಿ, ಹಲಗೆಯಿಂದ ಒತ್ತಿ ಕೂಡಿಸಬೇಕು. ಬಿಗಿತ ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆಯಾದರೆ ತೆರೆ ಸೊಟ್ಟಗೆ ತೂಗುತ್ತದೆ. ಮಗ್ಗದ ಅಗಲವೇ ತೆರೆಯ ಅಗಲ. ಗಾಜಿನ ಗೋಡೆ ಅಗಲವಾಗಿದ್ದರೆ ಅಗಲವಾದ ಮಗ್ಗ ಬೇಕು, ಇಲ್ಲವೆ ಹಲವು ತೆರೆಗಳನ್ನು ಸಾಲಾಗಿ ತೂಗುಹಾಕಬೇಕು. ಕಡ್ಡಿಯ ದಪ್ಪ, ಅದರ ಬಣ್ಣ, ಎರಡು ಕಡ್ಡಿಗಳ ನಡುವಣ ಸಂದು ಇವು ಮೂರರ ಲೆಕ್ಕಾಚಾರದಿಂದ ಎಷ್ಟು ಬೆಳಕು ಒಳಗೆ ಬರಬೇಕೆಂಬುದನ್ನು ನೇಕಾರ ನಿರ್ಧರಿಸುತ್ತಾನೆ.

ಇಂಥ ತೆರೆಗೆ ಇನ್ನೊಂದು ಗುಣವುಂಟು. ಹಗಲಿನಲ್ಲಿ ಹೊರಗೆ ಬೆಳಕು ಹೆಚ್ಚು, ಒಳಗೆ ಕಡಿಮೆ. ಒಳಗಿದ್ದವರಿಗೆ ಸಂದುಗಳ ಮೂಲಕ ಹೊರಗಿನ ತೋಟ ಕಾಣುತ್ತದೆ, ಹೊರಗಿನವರಿಗೆ ಒಳಗಿನದು ಕಾಣದು. ದೀಪ ಹಚ್ಚಿದ ಮೇಲೆ ಇದೇ ವ್ಯವಸ್ಥೆ ತಿರುವುಮುರುವಾಗುತ್ತದೆ. ಹಗಲು ಮರೆ ಕೊಟ್ಟ ತೆರೆ ರಾತ್ರಿ ನಮ್ಮನ್ನು ಬೀದಿಗೆ ತೋರಿಸಿಬಿಡುತ್ತದೆ. ಆದುದರಿಂದಲೇ ಅನೇಕ ಮನೆಗಳಲ್ಲಿ ಅದರ ಜೊತೆಗೆ ಒಂದು ಬಟ್ಟೆಯ ಪರದೆಯನ್ನೂ ಹಾಕುವ ರೂಢಿ.

ಇದು ಅಮೆರಿಕೆಯ ಆವಿಷ್ಕಾರವೇನೂ ಅಲ್ಲ. ಜಪಾನಿನ ಸುದರೆ, ಉತ್ತರ ಹಿಂದುಸ್ತಾನದ ಚಿಕ್ಕು, ನಮ್ಮ ಮಲೆನಾಡು ಕರಾವಳಿಗಳ ಜಗಲಿಗೆ ಕಟ್ಟುವ ತಡಿಕೆ ಇವೆಲ್ಲ ಒಂದೇ ಬಳಗದವು. ಲಾವಂಚದ ಬೇರಿನ ತಟ್ಟಿಗೆ ನೀರು ಚಿಮುಕಿಸಿ ತಂಪು ಪಡೆಯುವ ಉಪಾಯವೂ ನಮ್ಮ ಹಿರಿಯರಿಗೆ ತಿಳಿದಿತ್ತು. ವಿಜ್ಞಾನದ ದೃಷ್ಟಿಯಿಂದ ಒಂದು ವಿಷಯ ಗಮನಾರ್ಹ: ನಮ್ಮ ತಡಿಕೆಯನ್ನು ಮನೆಯ ಹೊರಗೆ ಕಟ್ಟುತ್ತಿದ್ದರು. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ. ಆ ಬಿಸಿಲಿನಿಂದ ಕಾದ ನೆಲ, ಕುರ್ಚಿಗಳು ಹೊರಸೂಸುವ ದೀರ್ಘತರಂಗದ ಶಾಖವನ್ನು ಮಾತ್ರ ಹೊರಕ್ಕೆ ಬಿಡುವುದಿಲ್ಲ. ಗಾಜಿನ ಒಳಗೆ ತೂಗುಹಾಕಿದ ತೆರೆ ಕಣ್ಣಿಗೆ ನೆರಳು ಕೊಟ್ಟರೂ ಆ ವೇಳೆಗೆ ಶಾಖ ಮನೆಯೊಳಗೆ ಕಾಲಿಟ್ಟಾಗಿರುತ್ತದೆ. ಹೊರಗಿನ ತಡಿಕೆ ಅದನ್ನು ಹೊಸ್ತಿಲಲ್ಲೇ ತಡೆಯುತ್ತದೆ.

ಡೊರೊಥಿ ಲೀಬಸ್ ಎಂಬ ನೇಕಾರ್ತಿ

ಈ ಸರಳ ತಡಿಕೆಯನ್ನು ಅಮೆರಿಕೆಯ ಆಧುನಿಕ ವಾಸ್ತುವಿನ ಅವಿಭಾಜ್ಯ ಅಂಗವನ್ನಾಗಿ ಮಾಡಿದವರಲ್ಲಿ ಅಗ್ರಗಣ್ಯರು ಡೊರೊಥಿ ಲೀಬಸ್. ಜನನ 1897, ಕ್ಯಾಲಿಫೋರ್ನಿಯದ ಸಾಂಟಾ ರೋಸಾದಲ್ಲಿ. ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಓದಿದ ಆಕೆ ನೇಯ್ಗೆಯ ಪಾಠಕ್ಕಾಗಿ ಹೋದದ್ದು ಶಿಕಾಗೊದ ಹಲ್ ಹೌಸ್‌ಗೆ.

ಹಲ್ ಹೌಸ್ ಬಗ್ಗೆ ವಲಸಿಗರಾದ ನಾವು ಒಂದು ಗಳಿಗೆ ನಿಂತು ಯೋಚಿಸಬೇಕು. 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಸ್ಥಾಪಿಸಿದ ಈ ಸಂಸ್ಥೆ ಬಡ ವಲಸಿಗರ ನಡುವೆ ಕೆಲಸ ಮಾಡುತ್ತಿತ್ತು. ಆಡಮ್ಸ್ ಒಂದು ಸಂಗತಿಯನ್ನು ಗಮನಿಸಿದರು: ಇಂಗ್ಲಿಷು ಕಲಿತು ಕಾರ್ಖಾನೆ ಸೇರಿದ ಮಕ್ಕಳಿಗೆ, ಭಾಷೆ ಬಾರದ ತಮ್ಮ ತಾಯಂದಿರ ಬಗ್ಗೆ ನಾಚಿಕೆ. ಆ ತಾಯಂದಿರಾದರೋ ತಕಲಿ ರಾಟೆ ಮಗ್ಗಗಳಲ್ಲಿ ನಿಪುಣರು. 1900ರಲ್ಲಿ ಹಲ್ ಹೌಸ್ ಒಂದು ಶ್ರಮ ವಸ್ತುಸಂಗ್ರಹಾಲಯವನ್ನು ತೆರೆಯಿತು. ಅಲ್ಲಿ ವಲಸಿಗ ಹೆಂಗಸರು ತಂತಮ್ಮ ದೇಶದ ನೂಲುವ, ನೇಯುವ ವಿಧಾನಗಳನ್ನು ಪ್ರದರ್ಶಿಸಿದರು. ತಮ್ಮ ತಾಯಿ ಕಲಿಸುವ ಸ್ಥಾನದಲ್ಲಿ ಕುಳಿತಿರುವುದನ್ನು ಮಕ್ಕಳು ಕಾಣಲಿ ಎಂಬುದು ಅದರ ಉದ್ದೇಶಗಳಲ್ಲೊಂದು. ಹೀಗೆ ವಲಸಿಗರ ಕೈಯ ವಿದ್ಯೆಗೆ ಗೌರವ ಕೊಟ್ಟ ಒಂದು ಮನೆಯಿಂದ ಲೀಬಸ್ ಅವರ ಮಗ್ಗದ ಅಭ್ಯಾಸ ಬೆಳೆಯಿತೆಂಬುದು ನಮಗೆ ಅರ್ಥಪೂರ್ಣವಾಗಿ ಕಾಣುತ್ತದೆ.

1930ರ ದಶಕದಲ್ಲಿ ಆಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ವಂತ ನೇಯ್ಗೆಶಾಲೆ ನಡೆಸಿದರು. ವಾಸ್ತುಶಿಲ್ಪಿ ನಕ್ಷೆ ಕಳುಹಿಸಿದರೆ ಆ ಕಿಟಕಿಗೆ, ಆ ದಿಕ್ಕಿನ ಬೆಳಕಿಗೆ ಸರಿಹೊಂದುವಂತೆ ನೇಯ್ದು ಕೊಡುವುದು ಕ್ರಮ. ಬಿದಿರು ಮರಗಳ ಕಡ್ಡಿಗಳಿಗೆ ಬಣ್ಣ ಬಳಿದು, ಅವುಗಳ ಜೊತೆಗೆ ಚರ್ಮದ ಪಟ್ಟಿ, ಸೆಲೊಫೇನ್, ಮುಖಮಲ್ಲಿನಂತೆ ನುಣುಪಾದ ಷೆನಿಲ್ ನೂಲು, ಲೋಹದ ಎಳೆ, ಇವನ್ನೆಲ್ಲ ಸೇರಿಸಿದರು. ಗುಲಾಬಿಯ ಪಕ್ಕಕ್ಕೆ ಕಿತ್ತಳೆ, ನೀಲಿಯ ಪಕ್ಕಕ್ಕೆ ಎಳೆಹಸಿರು ಇಡುವುದು ಆಕೆಯ ಧೈರ್ಯ. ಬೂದು ಕಂದುಗಳಿಗೆ ಒಗ್ಗಿದ್ದ ಕಣ್ಣುಗಳಿಗೆ ಇದು ಹೊಸತಾಗಿ ಕಂಡಿತು. ಇಳಕಲ್ಲು ಸೀರೆಯ ಅಂಚನ್ನೂ ಗುಳೇದಗುಡ್ಡದ ಖಣವನ್ನೂ ನೋಡಿ ಬೆಳೆದ ನಮಗೆ ಅಷ್ಟೇನೂ ಬೆರಗಾಗಲಾರದು!

ಫ್ರ್ಯಾಂಕ್ ಲಾಯ್ಡ್ ರೈಟ್‌ರಂಥ ವಾಸ್ತುಶಿಲ್ಪಿಗಳು ಆಕೆಯಿಂದ ನೇಯಿಸಿಕೊಂಡರು. 1939ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಗೋಲ್ಡನ್ ಗೇಟ್ ಅಂತಾರಾಷ್ಟ್ರೀಯ ವಸ್ತುಪ್ರದರ್ಶನದ ಅಲಂಕಾರ ಕಲೆಗಳ ವಿಭಾಗವನ್ನು ಆಕೆಯೇ ರೂಪಿಸಿದರು. 1948ರಲ್ಲಿ ಆಕೆಯ ಉದ್ಯೋಗ ನ್ಯೂಯಾರ್ಕಿಗೂ ವಿಸ್ತರಿಸಿತು. 1950ರಲ್ಲಿ ವಿನ್ಯಾಸಕಾರ ಹೆನ್ರಿ ಡ್ರೈಫಸ್ ಪ್ಲಾಜಾ ಹೋಟೆಲಿನ ಪರ್ಷಿಯನ್ ರೂಮನ್ನು ನವೀಕರಿಸಿದಾಗ ಅಲ್ಲಿನ ತೆರೆಗಳು ಲೀಬಸ್ ಅವರವು. ನೇಯ್ಗೆಯಲ್ಲಿ ಪುಟ್ಟ ಪುಟ್ಟ ವಿದ್ಯುದ್ದೀಪಗಳನ್ನೂ ಸೇರಿಸಿದ್ದರು. 1952ರಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿಗಳ ಭೋಜನಶಾಲೆಗೂ ಆಕೆಯ ನೇಯ್ಗೆಯೇ ಬಂದಿತು.

ಮಿರುಗುವ ನೂಲಿನ ವಿಷಯ ಜರಿ ಸೀರೆಯ ನಾಡಿನವರಿಗೆ ಕುತೂಹಲಕರ. ನಮ್ಮ ಸಾಂಪ್ರದಾಯಿಕ ಜರಿಯೆಂದರೆ ರೇಷ್ಮೆಯ ಎಳೆಗೆ ತೆಳುವಾದ ಬೆಳ್ಳಿಯ ತಂತಿಯನ್ನು ಸುತ್ತಿ ಚಿನ್ನದ ಲೇಪ ಕೊಟ್ಟದ್ದು. ಬೆಳ್ಳಿ ಗಾಳಿಗೆ ಕಪ್ಪಿಡುತ್ತದೆ. ತೂಕ, ಬೆಲೆ ಎರಡೂ ಹೆಚ್ಚು. ಮಹಾಯುದ್ಧದ ಬಳಿಕ ಕ್ಲೀವ್‌ಲ್ಯಾಂಡಿನ ಡೊಬೆಕ್‌ಮನ್ ಕಂಪನಿ ಅಲ್ಯೂಮಿನಿಯಂ ಹಾಳೆಯನ್ನು ಎರಡು ಪಾರದರ್ಶಕ ಪ್ಲಾಸ್ಟಿಕ್ ಪೊರೆಗಳ ನಡುವೆ ಅಂಟಿಸಿ, ಕೂದಲೆಳೆಯಂತೆ ಸೀಳಿ, ಲುರೆಕ್ಸ್ ಎಂಬ ನೂಲನ್ನು ಮಾರಿತು. ಗಾಳಿ ತಾಗದ ಕಾರಣ ಅದು ಕಂದುವುದಿಲ್ಲ. ಈ ನೂಲಿನ ಸಲಹೆಗಾರರಾಗಿದ್ದ ಲೀಬಸ್ ಅದನ್ನು ತೆರೆಗಳಲ್ಲಿ ಧಾರಾಳವಾಗಿ ಬಳಸಿದರು. ಹಗಲು ಹೊರಗಿನ ಬಿಸಿಲಿಗೆ, ಇರುಳು ಒಳಗಿನ ದೀಪಕ್ಕೆ ಮಿನುಗುವುದರಿಂದ, ಕತ್ತಲಾದ ಮೇಲೆ ಕರಿಯ ಕನ್ನಡಿಯಂತಾಗುವ ಗಾಜಿನ ಗೋಡೆಗೆ ಮತ್ತೆ ಜೀವ ಬರುತ್ತಿತ್ತು.

ಗಾಯಾಳುಗಳ ಕೈಗೆ ಮಗ್ಗ

ವೈದ್ಯರಾದ ನಮ್ಮ ಮನಸ್ಸನ್ನು ವಿಶೇಷವಾಗಿ ಸೆಳೆಯುವುದು ಆಕೆಯ ಬಾಳಿನ ಮತ್ತೊಂದು ಅಧ್ಯಾಯ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೀಬಸ್ ಅಮೆರಿಕನ್ ರೆಡ್ ಕ್ರಾಸ್ ಸಂಸ್ಥೆಯ ಕಲೆ ಮತ್ತು ಕೌಶಲ ವಿಭಾಗದ ನಿರ್ದೇಶಕಿಯಾಗಿ ಕೆಲಸ ಮಾಡಿದರು. ಸೈನಿಕ ಆಸ್ಪತ್ರೆಗಳಲ್ಲಿ ಮಲಗಿದ್ದ ಗಾಯಾಳುಗಳಿಗೆ ಕುಶಲಕರ್ಮಿಗಳು ನೇಯ್ಗೆ, ಮಣ್ಣಿನ ಕೆಲಸ, ಮರಗೆಲಸಗಳನ್ನು ಕಲಿಸುವ ಕಾರ್ಯಕ್ರಮವಿದು.

ಇದನ್ನು ಬರಿಯ ಹೊತ್ತುಹೋಕೆಂದು ಭಾವಿಸಬಾರದು. ಉದ್ಯೋಗ ಚಿಕಿತ್ಸೆ ಎಂಬ ಶಾಸ್ತ್ರಕ್ಕೆ ಅಮೆರಿಕೆಯಲ್ಲಿ 1917ರಲ್ಲಿಯೇ ಒಂದು ರಾಷ್ಟ್ರೀಯ ಸಂಘ ಸ್ಥಾಪನೆಯಾಗಿತ್ತು. ಅದರ ಸ್ಥಾಪಕರಲ್ಲಿ ಒಬ್ಬರಾದ ಎಲಿನರ್ ಕ್ಲಾರ್ಕ್ ಸ್ಲೇಗಲ್ ಅವರಿಗೂ ಅದೇ ಹಲ್ ಹೌಸಿನ ನಂಟು. ಮಗ್ಗದ ಮುಂದೆ ಕುಳಿತವನ ಶರೀರದಲ್ಲಿ ಏನಾಗುತ್ತದೆ ನೋಡಿ. ಲಾಳಿ ಎಸೆಯುವಾಗ ಭುಜ ಮೊಣಕೈಗಳು ಚಾಚುತ್ತವೆ, ಮಡಿಯುತ್ತವೆ. ಹಲಗೆ ಎಳೆಯುವಾಗ ಬೆನ್ನು ತೋಳುಗಳ ಸ್ನಾಯುಗಳಿಗೆ ಶ್ರಮ. ಕಾಲುಮಣೆ ತುಳಿಯುವಾಗ ಮೊಣಕಾಲು, ಹರಡುಗಳ ಕೀಲುಗಳು ಲಯಬದ್ಧವಾಗಿ ಚಲಿಸುತ್ತವೆ. ಎಳೆ ಕೂಡಿಸುವಾಗ ಬೆರಳ ತುದಿಗೆ ಸೂಕ್ಷ್ಮ ಸಾಧನೆ. ಮಗ್ಗದ ಬಿಗಿತವನ್ನು ಏರಿಸಿ ಇಳಿಸಿ ಇವೆಲ್ಲವನ್ನೂ ರೋಗಿಯ ಶಕ್ತಿಗೆ ತಕ್ಕಂತೆ ಹೊಂದಿಸಬಹುದು. 'ಕೈಯನ್ನು ಐವತ್ತು ಸಲ ಎತ್ತು' ಎಂದರೆ ಬೇಸರಗೊಳ್ಳುವ ರೋಗಿ, ಬಟ್ಟೆ ಬೆಳೆಯುವುದನ್ನು ಕಂಡಾಗ ನೂರು ಸಲ ಎತ್ತುತ್ತಾನೆ. ಕಳೆದುಕೊಂಡದ್ದನ್ನೇ ಎಣಿಸುತ್ತ ಮಲಗಿದ್ದವನಿಗೆ ತನ್ನ ಕೈಯಿಂದ ಇನ್ನೂ ಏನೋ ಹುಟ್ಟಬಲ್ಲದೆಂಬ ಭರವಸೆ ಬರುತ್ತದೆ. ಪಾರ್ಶ್ವವಾಯುವಿನ ರೋಗಿಗಳನ್ನು ನೋಡುವ ಯಾವ ವೈದ್ಯನೂ ಈ ಭರವಸೆಯ ಬೆಲೆಯನ್ನು ಕಡೆಗಣಿಸಲಾರ.

ಕೈಯಿಂದ ಯಂತ್ರಕ್ಕೆ

ಕೈಯಿಂದ ನೇಯ್ದ ತೆರೆ ಸಿರಿವಂತರಿಗೆ ಮಾತ್ರ ಎಟುಕುವಂತಹದು. ಸಾಮಾನ್ಯ ಜನರಿಗೆ ಅದು ದೊರೆಯಬೇಕಾದರೆ ಯಂತ್ರಮಗ್ಗದ ನೆರವು ಬೇಕೆಂಬುದನ್ನು ಲೀಬಸ್ ಬೇಗ ಮನಗಂಡರು. 1940ರ ದಶಕದಲ್ಲಿ ಮೇನ್ ರಾಜ್ಯದ ಗುಡಾಲ್ ಜವಳಿ ಕಂಪನಿಗೆ ಸಲಹೆಗಾರರಾದರು. 1955ರಿಂದ 1971ರವರೆಗೆ ಡ್ಯುಪಾಂಟ್ ಕಂಪನಿಯ ಕೃತಕ ನೂಲುಗಳಿಗೆ ಸಲಹೆ ನೀಡಿದರು. ಕೈನೇಯ್ಗೆಯ ಏರುಪೇರು, ಉಬ್ಬುತಗ್ಗುಗಳ ಸೊಗಸನ್ನು ಯಂತ್ರದಿಂದ ಹೊರಡಿಸುವುದು ಹೇಗೆಂದು ಆಕೆ ಕಾರ್ಖಾನೆಯವರಿಗೆ ಕಲಿಸಿದರು. ಮಾದರಿಯನ್ನು ಕೈಮಗ್ಗದಲ್ಲಿ ನೇಯುವುದು, ಆಮೇಲೆ ಯಂತ್ರಕ್ಕೆ ಒಪ್ಪಿಸುವುದು ಕ್ರಮವಾಯಿತು.

ಇದರಿಂದ ಲಾಭವಾದದ್ದು ಯಾರಿಗೆ, ನಷ್ಟವಾದದ್ದು ಯಾರಿಗೆ? ಸಾವಿರಾರು ಸಾಧಾರಣ ಮನೆಗಳಿಗೆ ಬಣ್ಣ, ವೈವಿಧ್ಯ ಬಂದವು. ಬೆಂಕಿಕಡ್ಡಿಯಷ್ಟು ತೆಳುವಾದ ಬಿದಿರಿನ ಅಗ್ಗದ ತೆರೆಗಳೂ ಅಂಗಡಿಗಳಿಗೆ ಬಂದವು. ಆದರೆ ಒಂದು ಕಿಟಕಿಯ ಬೆಳಕನ್ನು ಅಳೆದು ಅದಕ್ಕೆಂದೇ ನೇಯುವ ಪರಿಪಾಠ ಹಿಂದೆ ಸರಿಯಿತು. ಯಂತ್ರ ಕೈಯ ಗುರುತನ್ನು ಅನುಕರಿಸಬಲ್ಲದೆಂದಾದ ಮೇಲೆ ಕೈಗೆ ಕೂಲಿ ಕೊಡುವವರು ಯಾರು? ನಮ್ಮ ನಾಡಿನ ನೇಕಾರ ಕೇಳುತ್ತ ಬಂದಿರುವ ಪ್ರಶ್ನೆಯೂ ಇದೇ ಅಲ್ಲವೆ? 1964ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವ ಕರಕುಶಲ ಪರಿಷತ್ತು ಸ್ಥಾಪನೆಯಾದಾಗ ಅದರ ಮೂವರು ಸ್ಥಾಪಕಿಯರಲ್ಲಿ ಒಬ್ಬರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಉಳಿದಿಬ್ಬರು ಅಮೆರಿಕೆಯ ಐಲೀನ್ ಆಸ್ಬಾರ್ನ್ ವೆಬ್ ಮತ್ತು ಮಾರ್ಗರೆಟ್ ಪ್ಯಾಚ್. ಎರಡು ದೇಶಗಳ ಕುಶಲಕರ್ಮಿಗಳ ಚಿಂತೆ ಒಂದೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಲೀಬಸ್ 1972ರಲ್ಲಿ ತೀರಿಕೊಂಡರು. ತೆರೆಯ ಕೆಲಸವೇ ಬಿಸಿಲಿಗೆ ಮೈಯೊಡ್ಡುವುದು. ಬಿಸಿಲು ಹತ್ತಿಯ ಎಳೆಯನ್ನು ಶಿಥಿಲಗೊಳಿಸುತ್ತದೆ, ಬಣ್ಣವನ್ನು ಹೀರುತ್ತದೆ. ಫ್ಯಾಷನ್ ಬದಲಾದಾಗ ಅವುಗಳನ್ನು ಬಿಚ್ಚಿ ಬಿಸುಟವರೂ ಉಂಟು. ಅಳಿದುಳಿದವನ್ನು ಒಟ್ಟುಗೂಡಿಸಿ ನ್ಯೂಯಾರ್ಕಿನ ಕೂಪರ್ ಹೆವಿಟ್ ವಸ್ತುಸಂಗ್ರಹಾಲಯ 2023ರ ಜುಲೈಯಿಂದ 2024ರ ಫೆಬ್ರವರಿಯವರೆಗೆ ಆಕೆಯ ಕೃತಿಗಳ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತ್ತು. ಹಳೆಯ ಜವಳಿಯನ್ನು ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ 50 ಲಕ್ಸ್‌ನ ಮಂದ ಬೆಳಕಿನಲ್ಲಿ ಇರಿಸುತ್ತವೆ. ಲಕ್ಷ ಲಕ್ಸ್ ಬಿಸಿಲನ್ನು ತಡೆಯಲೆಂದು ಹುಟ್ಟಿದ ವಸ್ತುವಿಗೆ ಮುಪ್ಪಿನಲ್ಲಿ ಇಷ್ಟು ನೆರಳು!

ಹಗ್ಗದ ಕುಣಿಕೆ

ಈಗ ಒಂದು ಕಹಿಯಾದ ವಿಷಯವನ್ನು ಹೇಳಲೇಬೇಕು. ತೆರೆಯನ್ನು ಮೇಲಕ್ಕೆಳೆಯಲು ಹಗ್ಗ ಬೇಕು. ಆ ಹಗ್ಗದ ಕುಣಿಕೆ ಅಂಬೆಗಾಲಿನ ಮಗುವಿನ ಕೊರಳಿಗೆ ಬೀಳಬಹುದು. ಕೊರಳಿನ ರಕ್ತನಾಳಗಳನ್ನು ಅದುಮಲು ಬಹಳ ಬಲ ಬೇಕಾಗಿಲ್ಲ. ಮಗುವಿನ ಮೈಭಾರವೇ ಸಾಕು. ಮಿದುಳಿಗೆ ರಕ್ತ ನಿಂತರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ, ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ಮಗುವಿನಿಂದ ಒಂದು ಸದ್ದೂ ಹೊರಡುವುದಿಲ್ಲ. ಪಕ್ಕದ ಕೋಣೆಯಲ್ಲಿರುವ ತಾಯಿಗೆ ತಿಳಿಯುವುದಿಲ್ಲ. ಅಮೆರಿಕೆಯಲ್ಲಿ ಐದು ವರ್ಷದೊಳಗಿನ ಸರಾಸರಿ ಒಂಬತ್ತು ಮಕ್ಕಳು ಪ್ರತಿವರ್ಷ ಹೀಗೆ ಸಾಯುತ್ತಾರೆಂದು ಗ್ರಾಹಕ ವಸ್ತುಗಳ ಸುರಕ್ಷತಾ ಆಯೋಗ ಹೇಳಿದೆ.

2009ರ ಡಿಸೆಂಬರಿನಲ್ಲಿ ಮಡಿಕೆಯ ಹಾಗೂ ಸುರುಳಿಯ ತೆರೆಗಳಲ್ಲಿ ಸುಮಾರು 5 ಕೋಟಿಯನ್ನು ದುರಸ್ತಿಗಾಗಿ ಹಿಂದಕ್ಕೆ ಕರೆದದ್ದು ಇದೇ ಕಾರಣಕ್ಕೆ. 2018ರ ಡಿಸೆಂಬರಿನಿಂದ ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ತೆರೆಗಳು ಹಗ್ಗವಿಲ್ಲದವಾಗಿರಬೇಕು, ಇಲ್ಲವೆ ಹಗ್ಗ ಮಗುವಿನ ಕೈಗೆ ಸಿಗುವಂತಿರಬಾರದು ಎಂಬ ಉದ್ಯಮದ ನಿಯಮ ಜಾರಿಗೆ ಬಂದಿತು. ಅಳತೆ ಕೊಟ್ಟು ಮಾಡಿಸುವ ತೆರೆಗಳ ನಿಯಮಗಳು 2024ರ ಜೂನಿನಿಂದ ಬಿಗಿಯಾದವು. ಆದರೆ ಹಳೆಯ ಮನೆಗಳಲ್ಲಿ ಹಳೆಯ ತೆರೆಗಳೇ ತೂಗುತ್ತಿವೆ. ನಡುಶತಮಾನದ ಶೈಲಿ ಮತ್ತೆ ಮೆಚ್ಚುಗೆ ಪಡೆದಿರುವುದರಿಂದ ಹಳೆಯ ನೇಯ್ದ ತೆರೆಗಳನ್ನು ಹುಡುಕಿ ತರುವವರೂ ಇದ್ದಾರೆ. ಮಕ್ಕಳು ಮೊಮ್ಮಕ್ಕಳು ಓಡಾಡುವ ಮನೆಯಲ್ಲಿ ಅಂಥ ತೆರೆಯನ್ನು ಹಗ್ಗಸಹಿತ ಬಳಸಬಾರದು. ಅದನ್ನು ಗೋಡೆಗೆ ಚಿತ್ರದಂತೆ ಬಿಗಿಯಿರಿ, ಅಥವಾ ಹಗ್ಗವಿಲ್ಲದ ಏರ್ಪಾಡಿಗೆ ಬದಲಾಯಿಸಿರಿ. ತೊಟ್ಟಿಲು, ಮಂಚ, ಕುರ್ಚಿಗಳನ್ನು ಹಗ್ಗವಿರುವ ಕಿಟಕಿಯಿಂದ ದೂರವಿಡಿರಿ. ಇಂದಿನ ಉಪನ್ಯಾಸದಿಂದ ತಾವು ಒಂದೇ ಮಾತನ್ನು ಮನೆಗೆ ಒಯ್ಯುವುದಾದರೆ ಅದು ಇದಾಗಲಿ.

ನಮ್ಮ ಮನೆಗಳಲ್ಲಿ

ಉಳಿದ ಸಲಹೆಗಳು ಸುಲಭವಾದವು. ಪಶ್ಚಿಮದ ದೊಡ್ಡ ಕಿಟಕಿಗೆ ಅನುಕೂಲವಿದ್ದರೆ ಹೊರಗಡೆಯಿಂದಲೇ ತಡಿಕೆ ಕಟ್ಟಿರಿ. ತಂಪಿಗೆ ಅದೇ ಮೇಲು. ವೃದ್ಧರು ಕೂಡುವ ಕುರ್ಚಿ ಪ್ರಖರ ಕಿಟಕಿಗೆ ಎದುರಾಗಿರದೆ ಪಕ್ಕಕ್ಕಿರಲಿ. ಬೆಳಕು ಪುಸ್ತಕದ ಮೇಲೆ ಬೀಳಲಿ, ಕಣ್ಣಿನ ಮೇಲಲ್ಲ. ಮೆಟ್ಟಿಲ ಬಳಿಯ ಕಿಟಕಿಗೆ ಬೆಳಕು ಚದುರಿಸುವ ತೆರೆ ಹಾಕಿ, ಮೆಟ್ಟಿಲಿಗೂ ಒಂದು ದೀಪವಿಡಿರಿ. ಮಲಗುವ ಕೋಣೆಗೆ ನೇಯ್ದ ತೆರೆಯೊಂದೇ ಸಾಲದು. ಇರುಳಿನ ಕತ್ತಲು ನಿದ್ರೆಗೆ ಬೇಕು, ಆದ್ದರಿಂದ ದಪ್ಪ ಪರದೆಯೂ ಇರಲಿ. ಮತ್ತೊಂದು ಮಾತು: ಗಾಜಿನ ಹಿಂದೆ ಬಿಸಿಲು ಕಾಯಿಸಿದರೆ ಡಿ ವಿಟಮಿನ್ ದೊರೆಯುವುದಿಲ್ಲ. ಅದನ್ನು ಉತ್ಪಾದಿಸುವ ಕಿರಣಗಳನ್ನು ಕಿಟಕಿಯ ಗಾಜು ತಡೆದುಬಿಡುತ್ತದೆ. ಚರ್ಮವನ್ನು ಸುಕ್ಕುಗಟ್ಟಿಸುವ ನೇರಳಾತೀತ ಕಿರಣಗಳಲ್ಲಿ ಬಹುಪಾಲು ಒಳಗೆ ಬರುತ್ತವೆ. ಬಿಸಿಲು ಬೇಕಾದವರು ಅಂಗಳಕ್ಕೆ ಇಳಿಯುವುದೇ ಲೇಸು.

ಕೊನೆಯದಾಗಿ, ನಮ್ಮ ಕೂಟದ ಮಕ್ಕಳ ಬಗ್ಗೆ ಒಂದು ವಿನಂತಿ. ನಮ್ಮ ಮಕ್ಕಳಿಗೆ ಸೀರೆಯೆಂದರೆ ಹಬ್ಬದ ದಿನ ಪೆಟ್ಟಿಗೆಯಿಂದ ಹೊರಬರುವ ಬಟ್ಟೆ. ಅದರ ಹಾಸು ಯಾವುದು, ಹೊಕ್ಕು ಯಾವುದು ಎಂದು ಅವರು ಕೈಯಿಂದ ಅರಿತಿಲ್ಲ. ಚಿತ್ರದ ಚೌಕಟ್ಟೊಂದಕ್ಕೆ ನೂಲು ಹೂಡಿ, ಬಿದಿರ ಕಡ್ಡಿ ತೂರಿಸಿ, ಗೇಣುದ್ದದ ತಡಿಕೆಯೊಂದನ್ನು ನೇಯಿಸಲು ಒಂದು ಮಧ್ಯಾಹ್ನ ಸಾಕು. ಹಳ್ಳಿಯಲ್ಲಿ ಬೆಳೆದ ಅಜ್ಜಿಯರು, ಚಾಪೆ ಬುಟ್ಟಿಗಳ ಹೆಣಿಗೆ ಬಲ್ಲ ತಾಯಂದಿರು ಈ ಸಭೆಯಲ್ಲಿಯೇ ಇರಬಹುದು. ಮುಂದಿನ ಮಕ್ಕಳ ಶಿಬಿರದಲ್ಲಿ ಅವರೇ ಗುರುಗಳಾಗಲಿ. ಇಂಗ್ಲಿಷಿನಲ್ಲಿ ತಡವರಿಸುವ ಅಜ್ಜಿ ಕೈಯ ವಿದ್ಯೆಯಲ್ಲಿ ತಡವರಿಸುವುದಿಲ್ಲವೆಂಬುದನ್ನು ಮೊಮ್ಮಕ್ಕಳು ಕಣ್ಣಾರೆ ಕಾಣಲಿ. ಶಿಕಾಗೊದ ಹಲ್ ಹೌಸ್ 1900ರಲ್ಲಿ ಮಾಡಿದ ಈ ಕೆಲಸವನ್ನು ನಮ್ಮ ಕೂಟವೂ ಮಾಡಬಲ್ಲದೆಂಬ ನಂಬಿಕೆ ನಮಗಿದೆ.